ಹುಣಸೆ ಬೀಜದ ಇಂಗ್ಲಿಷು

೧೯೩೧ರಲ್ಲಿ ನಾನು ಓದು ನಿಲ್ಲಿಸಿದೆ. ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ಇಂಗ್ಲಿಷು ಪಾಸಾಗಿ ಲೆಕ್ಕ ಫೇಲಾಗಿತ್ತು. ನಮ್ಮದು ಸಾಲಗಾಮೆಯಲ್ಲಿ ದವಸದ ಮಂಡಿ. ಇಂಗ್ಲಿಷು ಬಂದು ಲೆಕ್ಕ ಬಾರದವನಿಂದ ಮಂಡಿಗೆ ಏನುಪಯೋಗ ಎಂದು ನಮ್ಮಪ್ಪ ಮೂರು ದಿನ ಯೋಚಿಸಿ, ಏನೂ ಇಲ್ಲವೆಂದು ತೀರ್ಮಾನಿಸಿ, ನನ್ನನ್ನು ಹಾಸನಕ್ಕೆ ಕರೆದುಕೊಂಡು ಬಂದು, ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಅರ್ಜಿ ಬರೆಯುತ್ತಿದ್ದ ಸುಬ್ಬರಾಯರ ಪಕ್ಕದಲ್ಲಿ ಕೂರಿಸಿ, ಹಿಂದಿರುಗಿ ನೋಡದೆ ಹೋದರು.

ಈಗ ಕಚೇರಿಗಳ ಮುಂದೆ ಟೈಪ್ ಮಿಷಿನ್ ಇಟ್ಟುಕೊಂಡು ಕೂರಲು ಬರುವ ಹುಡುಗರು ನನ್ನನ್ನು ಕಂಡರೆ ಕೇಳುವುದು ಒಂದೇ ಮಾತು: ‘ಅಷ್ಟು ಕಮ್ಮಿ ಓದಿ ಇಂಗ್ಲಿಷಿನಲ್ಲಿ ಅರ್ಜಿ ಹೇಗೆ ಬರೆದಿರಿ?’ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಷ್ಟಪಟ್ಟು ಬರೆದೆ ಎಂಬುದು ಚಿಕ್ಕ ಉತ್ತರ. ದೊಡ್ಡ ಉತ್ತರ ಕೆಳಗಿದೆ.

ಮೇಲೆ ನಮ್ಮಪ್ಪನ ವಿಷಯದ ವಾಕ್ಯವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಅವರು ಐದು ಕೆಲಸ ಮಾಡಿದ್ದಾರೆ. ಯೋಚಿಸಿ, ತೀರ್ಮಾನಿಸಿ, ಬಂದು, ಕೂರಿಸಿ. ಇವೆಲ್ಲ ಬಾಗಿಲು ತೆರೆದೇ ಇರುವ ಮಾತುಗಳು. ಕೊನೆಯ ‘ಹೋದರು’ ಬಂದಾಗ ಬಾಗಿಲು ಮುಚ್ಚುತ್ತದೆ. ನಮ್ಮ ಜನ ಹೀಗೆಯೇ ಮಾತನಾಡುತ್ತಾರೆ. ಹಸು ಹಗ್ಗ ಕಿತ್ತು, ಓಡಿ ಬಂದು, ಬೇಲಿ ನುಗ್ಗಿ, ರಾಗಿ ತಿಂದು ಹೋಯಿತು ಎನ್ನುತ್ತಾರೆ. ಮಧ್ಯೆ ಯಾರೂ ಉಸಿರು ತೆಗೆದುಕೊಳ್ಳುವುದಿಲ್ಲ, ಹಸುವೂ ಕೂಡ. ಇಂಗ್ಲಿಷಿನವನಿಗೆ ಇದು ಒಗ್ಗುವುದಿಲ್ಲ. ಅವನಿಗೆ ಹಗ್ಗ ಕಿತ್ತದ್ದು ಒಂದು ಮುಗಿದ ಕೆಲಸ, ಓಡಿದ್ದು ಇನ್ನೊಂದು ಮುಗಿದ ಕೆಲಸ. ಒಂದೊಂದಕ್ಕೂ ಭೂತಕಾಲದ ಬೀಗ ಹಾಕಬೇಕು, ಆಮೇಲೆ ಎರಡರ ನಡುವೆ ಕೊಂಡಿ ಕೊಡಬೇಕು.

ಸುಬ್ಬರಾಯರು ಇದನ್ನು ನನಗೆ ವ್ಯಾಕರಣದಿಂದ ಕಲಿಸಲಿಲ್ಲ. ಅವರ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ ಇಪ್ಪತ್ತನಾಲ್ಕು ಹುಣಸೆ ಬೀಜ, ಒಂದಿಷ್ಟು ಪರಕೆಕಡ್ಡಿಯ ತುಂಡು. ಕಕ್ಷಿಗಾರ ಬಂದು ಹೇಳುವುದನ್ನು ಹೇಳುತ್ತ ಹೋದಂತೆ ಅವರು ಒಂದೊಂದು ಸಂಗತಿಗೂ ಮೇಜಿನ ಮೇಲೆ ಒಂದೊಂದು ಬೀಜ ಇಡುತ್ತಿದ್ದರು. ಅವನು ಮುಗಿಸಿದ ಮೇಲೆ ಬೀಜಗಳ ನಡುವೆ ಕಡ್ಡಿ. ಕಡ್ಡಿಗೆ ಐದು ಜಾತಿ: ಅಂಡ್, ಬಟ್, ವೆನ್, ಬಿಕಾಸ್, ಸೋ. ಯಾವ ಕಡ್ಡಿ ಎಂದು ಖಚಿತವಾಗುವವರೆಗೆ ಪೆನ್ನು ಮಸಿಗೆ ಅದ್ದುವಂತಿರಲಿಲ್ಲ.

“ಬೀಜ ಕಕ್ಷಿಗಾರನದು ಕಣಯ್ಯ ಬಸಪ್ಪ, ಕಡ್ಡಿ ನಮ್ಮದು,” ಎನ್ನುತ್ತಿದ್ದರು. “ಬೀಜ ಇಡೋವಾಗ ಕಿವಿ ತೆರೆದಿರಲಿ. ಕಡ್ಡಿ ಇಡೋವಾಗ ಕೈ ನಡುಗಲಿ.”

ನನ್ನ ಕೈ ಮೊದಲ ವರ್ಷ ನಡುಗಲಿಲ್ಲ. ಅರಕಲಗೂಡಿನಲ್ಲಿ ಸ್ಕೂಲಿನ ಮಾಡಿಗೆ ಹೆಂಚು ಹೊದಿಸುವವನೊಬ್ಬ ಕೆಲಸ ಮಾಡುವಾಗ ಬಿದ್ದು ಕಾಲು ಮುರಿದುಕೊಂಡಿದ್ದ. ನೋವು ತಡೆಯಲಿ ಎಂದು ಜೊತೆಯವರು ಅವನಿಗೆ ಸಾರಾಯಿ ಕುಡಿಸಿದ್ದರು. ವಾಸಿಯಾದ ಮೇಲೆ ಮತ್ತೆ ಕೆಲಸ ಕೊಡಿ ಎಂದು ಅವನ ಅರ್ಜಿ. ನಾನು ಬೀಜ ಎರಡನ್ನು ಹಿಂದುಮುಂದು ಮಾಡಿ, ಕುಡಿದ ಅಂಡ್ ಬಿದ್ದ ಎಂದು ಬರೆದೆ. ಮಾತು ಎರಡೂ ನಿಜ, ಅಂಡ್ ಕೂಡ ತಪ್ಪಲ್ಲ. ಆದರೆ ಭೂತಕಾಲದ ಎರಡು ಮಾತನ್ನು ಅಂಡ್ ಹಾಕಿ ಪಕ್ಕಪಕ್ಕ ಇಟ್ಟರೆ ಓದುವವನು ಮೊದಲಿನದು ಮೊದಲು ಆಯಿತು ಎಂದೇ ತಿಳಿಯುತ್ತಾನೆ. ಓವರ್‌ಸೀಯರು ಹಾಗೆಯೇ ತಿಳಿದು, ಕುಡುಕರಿಗೆ ಸರ್ಕಾರದ ಮಾಡು ಹತ್ತಲು ಬಿಡುವುದಿಲ್ಲ ಎಂದು ಬರೆದು ಕಳಿಸಿದರು. ಸುಬ್ಬರಾಯರು ನನ್ನ ಕೈಲಿ ಹೊಸ ಅರ್ಜಿ ಬರೆಸಿ, ನನ್ನದೇ ಖರ್ಚಿನಲ್ಲಿ ಅರಕಲಗೂಡಿಗೆ ಬಸ್ಸು ಹತ್ತಿಸಿದರು. ಹೆಂಚಿನವನು ನನ್ನನ್ನು ನೋಡಿ ಬಯ್ಯಲಿಲ್ಲ.

“ಬುಡಿ ರೈಟ್ರೆ,” ಎಂದ. “ನಾನು ಮಾಡಿಂದ ಬಿದ್ದೆ, ನೀವು ಪೆನ್ನಿಂದ ಬಿದ್ರಿ. ನಿಮ್ಗೆ ಕಾಲು ಮುರೀಲಿಲ್ಲ, ಅಷ್ಟೇಯ.”

ಎರಡನೆಯ ಪ್ರಸಂಗ ಹೊಳೆನರಸೀಪುರದ್ದು. ಅಲ್ಲಿನ ಪ್ರೈಮರಿ ಸ್ಕೂಲಿನ ಮೇಷ್ಟರೊಬ್ಬರಿಗೆ ರಜೆ ಬೇಕಿತ್ತು. ಅವರ ಅಜ್ಜಿ ತೀರಿಕೊಂಡಿದ್ದರು. ಅವರಿಗೆ ಮದುವೆ ಇತ್ತು. ನಾನು ಎರಡು ಬೀಜ ಇಟ್ಟು ನಡುವೆ ‘ಸೋ’ ಕಡ್ಡಿ ಇಟ್ಟೆ: ಅಜ್ಜಿ ತೀರಿಕೊಂಡರು, ಆದ್ದರಿಂದ ನನಗೆ ಮದುವೆ. ಇನ್ಸ್‌ಪೆಕ್ಟರು ಪರಸ್ಥಳದವರು. ಅವರು ಅರ್ಜಿಯನ್ನು ತಮ್ಮ ಆಫೀಸಿನಲ್ಲೆಲ್ಲ ಓದಿಸಿ ನಗಿಸಿ, ಕೊನೆಗೆ ಇದನ್ನು ಬರೆದ ಪಂಡಿತ ಯಾರು ಎಂದು ಕೇಳಿ ಕಳಿಸಿದರು. ಆಮೇಲೆ ಮೇಷ್ಟರು ಹೋಗಿ ವಿವರಿಸಿದರು: ಮನೆಯ ಹಿರಿಯರು ತೀರಿಕೊಂಡರೆ ವರ್ಷದೊಳಗೆ ಶುಭಕಾರ್ಯ ಮಾಡಿಬಿಡಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು. ಅದು ಅವರ ಮನೆಯ ಪದ್ಧತಿ. ಹೆಣ್ಣಿನ ಕಡೆಯವರು ಮೂರು ವರ್ಷ ಕಾಯುವವರಲ್ಲ. ಹಾಗಾಗಿ ಅಜ್ಜಿ ತೀರಿಕೊಂಡದ್ದರಿಂದಲೇ ಮದುವೆ. ಇನ್ಸ್‌ಪೆಕ್ಟರು ನಗು ನಿಲ್ಲಿಸಿ ರಜೆ ಕೊಟ್ಟರಂತೆ.

ಸುಬ್ಬರಾಯರು ಇದನ್ನು ಕೇಳಿ ನನಗೆ ಕಾಫಿ ಕೊಡಿಸಿದರು. ಹನ್ನೊಂದು ವರ್ಷದಲ್ಲಿ ಕೊಡಿಸಿದ್ದು ಅದೊಂದೇ. “ಕಡ್ಡಿ ಕೆಲವು ಸಲ ಆಫೀಸರಿಗೆ ಕಾಣೋದಿಲ್ಲ. ಅದು ಊರಿನ ಪದ್ಧತೀಲಿ ಇರುತ್ತೆ. ಕಾಣದೇ ಇದ್ರೆ ಅದಕ್ಕೂ ಒಂದು ಬೀಜ ಇಟ್ಟು ಬರೆದು ತೋರಿಸಬೇಕು,” ಎಂದರು. ನಾನು ಕಾಫಿಯ ಕಡೆಗೆ ಗಮನ ಕೊಟ್ಟೆ.

ಅವರ ಇನ್ನೊಂದು ಕಟ್ಟುನಿಟ್ಟು, ಓದಿ ಹೇಳುವುದು. ಅರ್ಜಿಯ ಕೊನೆಯಲ್ಲಿ ಬರೆದವನು ಒಂದು ಸಾಲು ಹಾಕಿ ರುಜು ಮಾಡಬೇಕಿತ್ತು: ಇದರಲ್ಲಿರುವುದನ್ನು ಅರ್ಜಿದಾರನಿಗೆ ಕನ್ನಡದಲ್ಲಿ ಓದಿ ಹೇಳಿದ್ದೇನೆ, ಅವನು ಸರಿಯೆಂದು ಒಪ್ಪಿದ್ದಾನೆ. ಬಹಳ ಮಂದಿ ಸಾಲು ಹಾಕುತ್ತಿದ್ದರು, ಓದುತ್ತಿರಲಿಲ್ಲ. ಸುಬ್ಬರಾಯರು ಓದುತ್ತಿದ್ದರು. ಕಕ್ಷಿಗಾರನಿಗೆ ಬಸ್ಸು ತಪ್ಪಿದರೂ ಓದುತ್ತಿದ್ದರು. ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ ಜನ ಬೆರಳು ಎತ್ತಿ ಹಿಡಿದುಕೊಂಡು ಅವರು ಮುಗಿಸುವವರೆಗೆ ನಿಂತಿರುತ್ತಿದ್ದರು.

ಯುದ್ಧ ನಡೆಯುತ್ತಿದ್ದಾಗ ಅವರಿಗೆ ಕಣ್ಣು ಮಂದವಾಯಿತು. ಜಾಗ, ಬೆಂಚು, ಡಬ್ಬಿ ಮೂರನ್ನೂ ನನಗೆ ಬಿಟ್ಟು ಮಗಳ ಮನೆಗೆ ಹೋದರು. ನಾನು ಅದೇ ವರ್ಷ ಒಂದು ಹಳೆಯ ಟೈಪ್ ಮಿಷಿನ್ ಕೊಂಡೆ. ನಾಲ್ಕು ತಾಲ್ಲೂಕು ಸುತ್ತುತ್ತಿದ್ದ ಅರ್ಜಿ ಬರಹಗಾರರಲ್ಲಿ ಮಿಷಿನ್ ಇಟ್ಟ ಮೊದಲಿಗ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೊಳೆನರಸೀಪುರಕ್ಕೆ ರೈಲಿನಲ್ಲಿ, ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ, ಪೆಟ್ರೋಲ್ ಸಿಗದ ಕಾಲದ ಇದ್ದಿಲಿನ ಬಸ್ಸಿನಲ್ಲಿ ಮಿಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಏರು ಬಂದರೆ ಎಲ್ಲರೂ ಇಳಿದು ಬಸ್ಸು ತಳ್ಳಬೇಕು. ನನಗೆ ಮಾತ್ರ ವಿನಾಯಿತಿ, ಮಿಷಿನ್ ಹೊತ್ತುಕೊಂಡು ನಡೆಯಬೇಕು. ತಳ್ಳುವುದೇ ಹಗುರ ಎಂದು ಆಮೇಲೆ ತಿಳಿಯಿತು.

ಮಿಷಿನ್ ಬಂದ ಮೇಲೆ ಕೆಲಸದ ಕ್ರಮ ಬದಲಾಯಿತು. ಮೊದಲು ದಿನಕ್ಕೆ ನಾಲ್ಕು ಅರ್ಜಿ, ಈಗ ಹನ್ನೆರಡು. ಮಿಷಿನ್ ಕೂತ ಮೇಜಿನ ಮೇಲೆ ಬೀಜ ಇಡಲು ಜಾಗವಿರಲಿಲ್ಲ. ಇಟ್ಟರೂ ಗುಂಡಿ ಒತ್ತಿದ ಅದುರಿಗೆ ಉರುಳುತ್ತಿದ್ದವು. ಡಬ್ಬಿ ಬೆಂಚಿನ ಕೆಳಗೆ ಹೋಯಿತು. ಕಕ್ಷಿಗಾರ ಹೇಳುತ್ತಿದ್ದಂತೆ ನಾನು ನೇರವಾಗಿ ಇಂಗ್ಲಿಷಿಗೆ ಇಳಿಸುತ್ತಿದ್ದೆ. ಓದಿ ಹೇಳುವುದು ವಾರಕ್ಕೊಮ್ಮೆ ತಪ್ಪಿ, ಆಮೇಲೆ ದಿನಕ್ಕೊಮ್ಮೆ ತಪ್ಪಿ, ಕೊನೆಗೆ ನಿಂತೇ ಹೋಯಿತು. ಕೊನೆಯ ಸಾಲು ಮಾತ್ರ ಒಂದು ಅರ್ಜಿಯಲ್ಲೂ ತಪ್ಪಲಿಲ್ಲ. ನನ್ನ ಬೆರಳಿಗೆ ಅದು ಬಾಯಿಪಾಠವಾಗಿತ್ತು.

ಜವರಯ್ಯ ಬಂದದ್ದು ಆ ಕಾಲದಲ್ಲಿ, ಚನ್ನರಾಯಪಟ್ಟಣದಲ್ಲಿ. ಬಾಗೂರಿನ ಕಡೆಯ ಒಂದು ಹಳ್ಳಿಯ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಅವನ ಅಪ್ಪ, ತಾತ ಎಲ್ಲರದೂ ಅದೇ. ಆ ವರ್ಷ ಭತ್ತ ಕೊಯ್ದು ಗದ್ದೆಯಲ್ಲಿ ಹಾಕಿದ್ದಾಗ ಜಡಿಮಳೆ ಹಿಡಿದು ಕೆರೆ ತುಂಬಿತು. ಒಂದು ಮಧ್ಯಾಹ್ನ ಅವನು ಯಾರನ್ನೂ ಕೇಳದೆ ತೂಬು ಎತ್ತಿದ. ನೀರು ಕೆಳಗಿನ ಗದ್ದೆಗಳಿಗೆ ನುಗ್ಗಿ ಕೊಯ್ದ ಭತ್ತವೆಲ್ಲ ನೆನೆಯಿತು. ಗದ್ದೆಯವರು ದೂರು ಕೊಟ್ಟರು. ಅವನನ್ನು ಕೆಲಸದಿಂದ ತೆಗೆದು, ದೂರು ಕೊಟ್ಟವರ ಕಡೆಯ ಇನ್ನೊಬ್ಬನಿಗೆ ಕೊಟ್ಟರು. ಇದರ ಮೇಲೆ ಹಾಸನದ ಸಬ್ ಡಿವಿಷನ್ ಆಫೀಸರಿಗೆ ಅಪೀಲು ಹೋಗಬೇಕಿತ್ತು. ಇಂಗ್ಲಿಷಿನಲ್ಲಿ ಹೋದರೆ ಬೇಗ ಓದುತ್ತಾರೆ ಎಂದು ಯಾರೋ ಹೇಳಿದ್ದರು.

“ಹೇಳಪ್ಪ,” ಎಂದೆ. ನನ್ನ ಮುಂದೆ ಇನ್ನೂ ಆರು ಜನ ಕಾಯುತ್ತಿದ್ದರು.

“ಮಳೆ ಬಂತು ಸಾ. ನೀರು ಏರ್ತು. ಶಾನುಬೋಗ್ರು ಏರಿ ಮ್ಯಾಲೆ ಬಂದು ನೋಡುದ್ರು. ಕೆರೆಯಮ್ಮನ ಮಣ್ಕಾಲು ಮುಳುಗ್ತು. ತೂಬು ಎತ್ತಿದೆ.”

“ಯಾವ ಅಮ್ಮ?”

“ತೂಬಿನ ಕಲ್ಲಿನ ಮ್ಯಾಲೆ ಒಬ್ಬ ಅಮ್ಮ ಅವ್ಳೆ ಸಾ, ಕೆತ್ತವ್ರೆ. ನೀರು ಪಾದ ಮುಟ್ಟುದ್ರೆ ನೀರುಗಂಟಿ ಮನೇಗ್ ಓಗಂಗಿಲ್ಲ. ಮಣ್ಕಾಲು ಮುಟ್ಟುದ್ರೆ ಯಾರ್ನೂ ಕೇಳಂಗಿಲ್ಲ, ತೂಬು ಎತ್ಬುಡಬೇಕು. ಎತ್ತದೆ ಓದ್ರೆ ಏರಿ ಒಡದು ಊರೇ ಓಯ್ತದೆ. ನಮ್ ತಾತನ್ ಕಾಲ್ದಿಂದ್ಲೂವೆ ಅಂಗೇ ಕಣ್ ಸಾ.”

ಐದು ಬೀಜ. ಬೀಜ ಇಡುತ್ತಿದ್ದ ಕಾಲವಾಗಿದ್ದರೆ ಐದೂ ಮೇಜಿನ ಮೇಲೆ ಕಾಣುತ್ತಿದ್ದವು. ಆಫೀಸರು ಇಂಗ್ಲಿಷಿನಲ್ಲಿ ಪದವಿ ಪಡೆದವರು ಎಂದು ನಾನು ಕೇಳಿದ್ದೆ. ಅವರ ಮುಂದೆ ಕಲ್ಲಿನ ಅಮ್ಮನ ಮಂಡಿಯ ವಿಷಯ ಬರೆದರೆ ಬರೆದವನು ಹಳ್ಳಿಗಮಾರ ಎಂದುಕೊಳ್ಳುತ್ತಾರೆ. ಹಿಂದೊಮ್ಮೆ ಹೊಳೆನರಸೀಪುರದಲ್ಲಿ ನಕ್ಕಿದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಆದ್ದರಿಂದ ಅಮ್ಮನನ್ನು ಬಿಟ್ಟೆ. ಉಳಿದ ನಾಲ್ಕನ್ನು ಸೊಗಸಾಗಿ ಹೊಂದಿಸಿದೆ: ಮಳೆ ಬಂತು ಅಂಡ್ ನೀರು ಏರಿತು, ಶಾನುಭೋಗರು ಬಂದರು ಅಂಡ್ ನೋಡಿದರು, ಸೋ ನಾನು ತೂಬು ಎತ್ತಿದೆ.

“ಓದಿ ಏಳೀರಾ ಸಾ?” ಎಂದು ಜವರಯ್ಯ ಕೇಳಿದ. ಕೇಳಿದ್ದು ನಿಜ.

“ನೀನು ಹೇಳಿದ್ದೇ ಇದೆ, ಒತ್ತು,” ಎಂದೆ.

ಅವನು ಬೆರಳು ಒತ್ತಿದ. ಹೋಗುವ ಮುಂಚೆ ಒಂದು ಮಾತು ಹೇಳಿದ. “ಕೆಲ್ಸ ಓದ್ರೆ ಓಗ್ಲಿ ಸಾ. ಈಗ ಬಂದೋನು ಆಯಮ್ಮನ ಕಡೆ ತಿರುಗೂ ನೋಡಕ್ಕಿಲ್ಲ. ಮುಂದಿನ್ ಮಳೇಲಿ ನಮ್ಮೂರ್ ಗತಿ ಏನು?”

ನಾನು ಮುಂದಿನವರನ್ನು ಕರೆದೆ.

ತಿಂಗಳಾದ ಮೇಲೆ ಆಫೀಸರು ಚನ್ನರಾಯಪಟ್ಟಣಕ್ಕೆ ಕ್ಯಾಂಪು ಬಂದರು. ಪ್ರವಾಸಿ ಬಂಗಲೆಯ ಜಗುಲಿಯಲ್ಲಿ ವಿಚಾರಣೆ. ನಾನು ಆವರಣದ ಮರದ ಕೆಳಗೆ ಮಿಷಿನ್ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಪುಟ್ಟಸ್ವಾಮಯ್ಯ. ಅವನೂ ಅರ್ಜಿ ಬರೆಯುವವನು. ಇನ್ನೂ ಪೆನ್ನಿನಲ್ಲೇ ಬರೆಯುತ್ತಿದ್ದ. ನನ್ನ ಮಿಷಿನ್ನಿನ ಮೇಲೆ ಅವನಿಗೆ ಕಣ್ಣು.

ಜಗುಲಿಯಿಂದ ಮಾತು ಕೇಳಿಸುತ್ತಿತ್ತು. ಆಫೀಸರು ಶಾನುಭೋಗರನ್ನು ಕೇಳಿದರು: “ನೀವು ಬಂದು ನೋಡಿದಿರಿ, ಆದ್ದರಿಂದ ತೂಬು ಎತ್ತಿದೆ ಎಂದು ಬರೆದಿದ್ದಾನೆ. ನೀವು ಹುಕುಂ ಕೊಟ್ಟಿರಾ?”

ಶಾನುಭೋಗರು ವಯಸ್ಸಾದವರು, ಸಿಟ್ಟಿನಿಂದ ಅವರ ಗಂಟಲು ಏರಿತು. “ಸ್ವಾಮಿ, ನಾನು ಏರಿ ಮೇಲೆ ಹೋಗಿ ನೋಡಿದ್ದು ನಿಜ. ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಊಟ ಮಾಡಿದೆ. ತಾನು ಮಾಡಿದ್ದನ್ನ ಈಗ ನನ್ನ ತಲೆಗೆ ಕಟ್ತಾನೆ.”

“ಏನಯ್ಯ ಜವರಯ್ಯ?”

“ನಾನು ಅಂಗೆ ಏಳಿಲ್ಲ ಸ್ವಾಮಿ.”

“ಇಲ್ಲಿ ಬರೆದಿದೆಯಲ್ಲ. ನಿನ್ನ ಹೆಬ್ಬೆಟ್ಟು ಇದೆ.”

“ಏಳಿಲ್ಲ ಸ್ವಾಮಿ.”

“ಹಾಗಾದರೆ ಅಪೀಲಿನಲ್ಲಿ ಸುಳ್ಳು. ಸುಳ್ಳು ಹೇಳುವವನ ಕೈಗೆ ಕೆರೆ ಕೊಡುವುದು ಹೇಗೆ? ಕೆಳಗೆ ಓದಿ ಹೇಳಿದ್ದೇನೆ ಎಂದು ರೈಟರ್ ರುಜು ಮಾಡಿದ್ದಾನೆ. ಕರೀರಿ ಅವನನ್ನ.”

ಜವಾನ ಬಂದು ಕರೆದ. ಪುಟ್ಟಸ್ವಾಮಯ್ಯ ತಲೆ ಎತ್ತದೆ ಹೇಳಿದ: “ಓದ್ದೆ ಅನ್ನಯ್ಯ, ಎರಡಕ್ಷರ. ನಾವೆಲ್ಲ ಅನ್ನೋದೇ ಅದು. ಇಲ್ಲ ಅಂದ್ಯೋ, ನಿನ್ ಮಿಷಿನ್ನ ತೂಕಕ್ ಮಾರ್ಬೇಕಾಯ್ತದೆ.”

ಮರದಿಂದ ಜಗುಲಿಗೆ ಇಪ್ಪತ್ತು ಹೆಜ್ಜೆ. ಹೌದು ಎಂದರೆ ಜವರಯ್ಯ ಸುಳ್ಳುಗಾರ, ಅವನ ಮನೆತನದ ಕೆಲಸ ಅಲ್ಲಿಗೆ ಮುಗಿಯಿತು. ಇಲ್ಲ ಎಂದರೆ ಸುಳ್ಳುಗಾರ ನಾನು. ನಾಲ್ಕು ತಾಲ್ಲೂಕಿನಲ್ಲಿ ಮಿಷಿನ್ ಇಟ್ಟ ಮೊದಲಿಗ. ಲೆಕ್ಕದಲ್ಲಿ ನಾನು ಫೇಲಾಗಿದ್ದರೂ ಈ ಲೆಕ್ಕ ತಿಳಿಯುತ್ತಿತ್ತು. ಜಗುಲಿಯ ಮೇಲೆ ಜವರಯ್ಯ ನನ್ನ ಕಡೆ ನೋಡಲೇ ಇಲ್ಲ. ತನ್ನ ಹೆಬ್ಬೆಟ್ಟನ್ನು ನೋಡಿಕೊಳ್ಳುತ್ತ ನಿಂತಿದ್ದ, ಅದು ತನ್ನದು ಹೌದೋ ಅಲ್ಲವೋ ಎನ್ನುವ ಹಾಗೆ.

“ಓದಿ ಹೇಳಿದ್ದೀರಾ?” ಎಂದರು ಆಫೀಸರು.

“ಇಲ್ಲ ಸ್ವಾಮಿ.”

“ರುಜು ಮಾಡಿದ್ದೀರಿ.”

“ಮಾಡಿದ್ದೇನೆ ಸ್ವಾಮಿ. ಜವರಯ್ಯನವರು ಕೇಳಿದರು, ನಾನು ಓದಲಿಲ್ಲ. ಅವರು ಐದು ಸಂಗತಿ ಹೇಳಿದರು, ನಾನು ನಾಲ್ಕು ಬರೆದೆ.”

“ಐದನೆಯದು?”

ನಾನು ಹೇಳಿದೆ. ಕೆರೆಯಮ್ಮ, ಪಾದ, ಮಂಡಿ, ಯಾರನ್ನೂ ಕೇಳದೆ ಎತ್ತಬೇಕೆಂಬ ಕಟ್ಟಳೆ. ಸೊಗಸಿಗಾಗಿ ಬಿಟ್ಟೆ ಎಂದೂ ಹೇಳಿದೆ. ಆಫೀಸರು ನಗಲಿಲ್ಲ. ನಗುತ್ತಾರೆ ಎಂದು ನಾನು ಹೆದರಿದ್ದೆನಲ್ಲ, ಅದು ದಂಡವಾಯಿತು. ಅವರು ಶಾನುಭೋಗರ ಕಡೆ ತಿರುಗಿದರು.

“ಅಂಥ ಕಲ್ಲು ಇದೆಯೇನು?”

“ಇದೆ ಸ್ವಾಮಿ.”

“ಈ ಕಟ್ಟಳೆ?”

“ಇದೆ ಸ್ವಾಮಿ. ನಮ್ಮ ಹಿರೀಕರ ಕಾಲದಿಂದ ಹಾಗೇ ನಡ್ಕೊಂಡು ಬಂದಿದೆ.”

“ಮೊದಲೇ ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ ಸ್ವಾಮಿ. ಹುಕುಂ ಕೊಟ್ಟಿರಾ ಅಂತ ತಾವು ಕೇಳಿದಿರಿ, ಇಲ್ಲ ಅಂದೆ.”

ಆಫೀಸರು ಆಗಲೇ ಕಾರು ತರಿಸಿ ಕೆರೆಗೆ ಹೋದರು. ನಾನೂ ಜವರಯ್ಯನೂ ಜವಾನನ ಜೊತೆ ಕಾರಿನ ಹಿಂದಿನ ಸೀಟಿನಲ್ಲಿ ಕೂತೆವು. ನನ್ನ ಜೀವಮಾನದಲ್ಲಿ ಮೊದಲ ಸಲ ಕಾರು ಹತ್ತಿದ್ದು ಅಂದು, ಆನಂದಪಡಲು ಅನುಕೂಲವಿರಲಿಲ್ಲ. ಕೆರೆಯ ನೀರು ಇಳಿದಿತ್ತು. ತೂಬಿನ ಕಂಬದ ಮೇಲೆ ಮೊಳದುದ್ದದ ಹೆಣ್ಣು ಮೂರ್ತಿ, ಮೂಗು ಸವೆದದ್ದು. ಕಲ್ಲಿಗೆ ಒಣಗಿದ ಕೆಮ್ಮಣ್ಣಿನ ಗೆರೆ ಅಂಟಿತ್ತು, ಮಂಡಿಯಿಂದ ಎರಡು ಬೆರಳು ಮೇಲೆ. ಆಫೀಸರು ಬಗ್ಗಿ ತಮ್ಮ ಬೆರಳಿಟ್ಟು ಅಳೆದರು.

“ಎರಡು ಬೆರಳು ತಡವಾಗಿ ಎತ್ತಿದ್ದೀಯ,” ಎಂದರು.

“ಶಾನುಬೋಗ್ರು ನಿಂತಿದ್ರು ಸ್ವಾಮಿ,” ಎಂದ ಜವರಯ್ಯ. “ದೊಡ್ಡೋರು ಏನಾರ ಅಂದಾರೇನೋ ಅಂತ ವಸಿ ಕಾದೆ. ತಪ್ಪಾಯ್ತು.”

ಅವನಿಗೆ ಕೆಲಸ ವಾಪಸು ಬಂತು. ನನಗೆ ಆರು ತಿಂಗಳು ಆ ಆಫೀಸರ ಕಚೇರಿಗೆ ಹೋಗುವ ಯಾವ ಅರ್ಜಿಯನ್ನೂ ಬರೆಯಕೂಡದು ಎಂದು ಹುಕುಂ ಆಯಿತು. ಸುದ್ದಿ ಹರಡಿ ಉಳಿದ ಅರ್ಜಿಗಳು ಬರುವುದೂ ನಿಂತಿತು. ಆರು ತಿಂಗಳು ಸಾಲಗಾಮೆಯಲ್ಲಿ, ಆಗ ನನ್ನ ಅಣ್ಣ ನಡೆಸುತ್ತಿದ್ದ ನಮ್ಮ ಮಂಡಿಯಲ್ಲಿ ಮೂಟೆಯ ಬಾಯಿ ಹೊಲಿದೆ. ದಬ್ಬಣಕ್ಕೆ ಇಂಗ್ಲಿಷು ಬೇಕಿಲ್ಲ. ಒಂದು ವಿಷಯ ಮಾತ್ರ ತಿಳಿಯಿತು: ಎರಡು ಅಂಚನ್ನು ಸೇರಿಸಿ ಹೊಲಿಯುವಾಗ ಮಧ್ಯದ ಬಟ್ಟೆ ಮಡಚಿಕೊಂಡಿದ್ದರೆ ಹೊಲಿಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಮೂಟೆ ಎತ್ತಿದಾಗ ಗೊತ್ತಾಗುತ್ತದೆ.

ಅವಧಿ ಮುಗಿದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿ ಕೂತೆ. ಮಿಷಿನ್ನಿಗೆ ಪಕ್ಕದಲ್ಲಿ ಬೇರೆ ಮಣೆ ಮಾಡಿಸಿ, ಮೇಜಿನ ಮೇಲೆ ಡಬ್ಬಿ ಇಟ್ಟೆ. ಮಧ್ಯಾಹ್ನದವರೆಗೆ ಒಬ್ಬರೂ ಬರಲಿಲ್ಲ. ಪುಟ್ಟಸ್ವಾಮಯ್ಯನ ಮುಂದೆ ಒಂಬತ್ತು ಜನ. ಆಮೇಲೆ ಜವರಯ್ಯ ಬಂದ. ಏರಿ ಒಂದು ಕಡೆ ಬಿರುಕು ಬಿಟ್ಟಿತ್ತು, ಕೆರೆ ತುಂಬುವುದಕ್ಕೆ ಮುಂಚೆ ರಿಪೇರಿ ಆಗಬೇಕಿತ್ತು, ಅದಕ್ಕೆ ಅರ್ಜಿ.

“ಪುಟ್ಟಸ್ವಾಮಯ್ಯ ಇದ್ದಾನಲ್ಲ, ಅವನ ಹತ್ತಿರ ಬರೆಸು,” ಎಂದೆ.

“ಅವ್ರು ಓದಿ ಏಳಲಿಲ್ಲ ಅಂತ ಎಲ್ಲೂ ಒಪ್ಕಂಡಿಲ್ಲ ಸಾ. ನೀವು ಒಪ್ಕಂಡಿದ್ದೀರಿ. ಇನ್ಮ್ಯಾಕೆ ಓದೇ ಓದ್ತೀರಿ.”

ಅವನು ಹೇಳಿದ, ನಾನು ಬೀಜ ಇಟ್ಟೆ. ನಾಲ್ಕಿಟ್ಟು ನಿಲ್ಲಿಸಿದಾಗ ಅವನು ಪಂಚೆಯ ಗಂಟು ಬಿಚ್ಚಿ, ಕೆರೆಯಂಗಳದ ಒಂದು ಸಣ್ಣ ಕರಿ ಕಲ್ಲು ತೆಗೆದು, ಮೂರನೆಯ ಬೀಜಕ್ಕೂ ನಾಲ್ಕನೆಯದಕ್ಕೂ ನಡುವೆ ತಾನೇ ಇಟ್ಟ.

“ಇದು ಆಯಮ್ಮ. ಬಿಟ್ಗಿಟ್ಟೀರಿ ಮತ್ತೆ.”

ಅರ್ಜಿ ಪೂರಾ ಓದಿ ಹೇಳಿದೆ. ಅವನು ಮಸಿ ಬೆರಳು ಎತ್ತಿ ಹಿಡಿದುಕೊಂಡು ಕೇಳಿದ. ಕಲ್ಲು ವಾಪಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಆ ಅರ್ಜಿಯಿಂದ ಮೊದಲುಗೊಂಡು ಬೆಂಚು ಬಿಡುವ ದಿನದವರೆಗೆ ಓದಿ ಹೇಳದೆ ಒಂದನ್ನೂ ಕೊಟ್ಟಿಲ್ಲ. ದಿನಕ್ಕೆ ಹನ್ನೆರಡು ಇದ್ದದ್ದು ಐದಾಯಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಟೈಪ್ ಮಿಷಿನ್ ಒಂದು, ರಿಬ್ಬನ್ ಇಲ್ಲ. ಬೆಂಚು ಒಂದು. ಕನ್ನಡಕ ಎರಡು, ಒಂದು ಒಡೆದದ್ದು. ಡಬ್ಬಿ ಒಂದು. ಡಬ್ಬಿಯಲ್ಲಿ ಹುಣಸೆ ಬೀಜ ಇಪ್ಪತ್ತನಾಲ್ಕು, ಕಲ್ಲು ಒಂದು.